ಕಾಜಾ ಕಲಿಸಿದ ಮೇಡಂ

ನಮ್ಮ ಹೊಲಿಗೆ ಮೇಡಂ ಈ ವರ್ಷ ತೀರಿಕೊಂಡರು. 1983ರ ಎಸ್ಸೆಸ್ಸೆಲ್ಸಿ ಬ್ಯಾಚಿನ ನಮ್ಮಲ್ಲಿ ಬೀಜಗಣಿತ ಯಾರಿಗೂ ನೆನಪಿಲ್ಲ. ಮೇಡಂ ಮಾತ್ರ ಎಲ್ಲರಿಗೂ ನೆನಪಿದ್ದಾರೆ.

ತಿಪಟೂರು ಕಡೆಯ ಹಳ್ಳಿ ಹೈಸ್ಕೂಲು. ಸ್ಟಾಫ್ ರೂಮಿನಲ್ಲಿ ಅವರೊಬ್ಬರೇ ಹೆಂಗಸು. ಶುಕ್ರವಾರ ಮಧ್ಯಾಹ್ನ ಪಿ.ಟಿ. ಮೇಷ್ಟ್ರು ಸೀಟಿ ಊದಿ, "ಹೈಕ್ಳು ತೋಟಕ್ಕೆ, ಹೆಣ್ಮಕ್ಕಳು ಹೊಲಿಗೆಗೆ!" ಅನ್ನೋರು. ನಾವು ಬಿಸಿಲಲ್ಲಿ ತೆಂಗಿನ ಸಸಿಗೆ ನೀರು ಹೊರಬೇಕು. ಹುಡುಗಿಯರು ನೆರಳಲ್ಲಿ ಕೂತು ನಗ್ತಾ ಹೊಲೀತಾರೆ. ಹೊಟ್ಟೆ ಉರಿಯಲ್ವಾ? ಒಂದು ದಿನ ನಾವು ನಾಲ್ವರು ಸೇರಿ, ಶಾಲೆಗಿದ್ದ ಒಂದೇ ಹೊಲಿಗೆ ಮಿಷನ್ನಿನ ದಾರ ಸುತ್ತುವ ಬಾಬಿನ್ ಕದ್ದು ಸಸಿಯ ಬುಡದಲ್ಲಿ ಹೂತುಬಿಟ್ಟೆವು.

ಮೇಡಂ ಕೂಗಾಡಲಿಲ್ಲ. ಸಾಲಾಗಿ ನಿಲ್ಲಿಸಿ ಉಗುರು ನೋಡಿದರು. ಮಣ್ಣು ಎಲ್ಲರ ಉಗುರಲ್ಲೂ ಇತ್ತು, ಮಿಷನ್ ಎಣ್ಣೆ ಇದ್ದದ್ದು ನಮ್ಮಲ್ಲೊಬ್ಬನ ಬೆರಳಲ್ಲಿ. "ಬಾಬಿನ್ ಇಲ್ಲ ಅಂದ್ಮೇಲೆ ಕೈಹೊಲಿಗೆಯೇ ಗತಿ. ಬನ್ನಿ, ನೀವೂ ಕೂತ್ಕೊಳ್ಳಿ" ಅಂತ ಸೂಜಿ ಕೊಟ್ಟರು. "ಗಂಡುಮಕ್ಕಳು ಹೊಲಿಯೋದಾ ಮೇಡಂ?" ಅಂದೆ. "ಸಂತೆಬೀದಿ ಟೈಲರು ಯಾರೋ? ಗಂಡಸೇ ತಾನೇ? ಕಾಸು ಬಂದ್ರೆ ಗಂಡಸರ ಕೆಲಸ, ಬರದಿದ್ರೆ ಹೆಂಗಸರದ್ದಾ?"

ಮಾರನೇ ದಿನವೇ ಬಾಬಿನ್ ತಂದುಕೊಟ್ಟೆವು. ಆದರೂ ವರ್ಷ ಮುಗಿಯುವವರೆಗೆ ಬಿಡಲಿಲ್ಲ. ಗುಂಡಿ, ಹೆಮ್ಮಿಂಗು, ಕೊನೆಗೆ ಕಾಜಾ, ಅಂದರೆ ಗುಂಡಿ ತೂರಿಸೋ ತೂತು. ಕಾಜಾ ಕಷ್ಟ. ಕತ್ತರಿಸಿದ ಅಂಚಿನ ಎಳೆ ಬಿಚ್ಚದ ಹಾಗೆ ಒತ್ತೊತ್ತಾಗಿ ದಾರ ಸುತ್ತಬೇಕು. ನನ್ನ ಕಾಜಾ ಹುಡುಗಿಯರದ್ದಕ್ಕಿಂತ ಚೆನ್ನಾಗಿದೆ ಅಂತ ಮೇಡಂ ಎಲ್ಲರಿಗೂ ತೋರಿಸಿದ್ದರು. ಮನೆಯಲ್ಲಿ ಅಪ್ಪ ಮಾತ್ರ, "ಗಂಡು ಹುಡುಗ ಸೂಜಿ ಹಿಡಿತಾನಂತೆ" ಅಂತ ಮುಖ ತಿರುಗಿಸಿದರು. ಊಟ ಮಾಡಿದ ತಟ್ಟೆಯಲ್ಲೇ ಕೈ ತೊಳೆದು ಏಳುತ್ತಿದ್ದವರು ಅವರು.

ಬ್ಯಾಂಕಿನ ಕೆಲಸದಲ್ಲಿ ರಾಯಚೂರು, ಕೋಲಾರ ಅಂತ ಒಬ್ಬನೇ ಇದ್ದಾಗ ನನ್ನ ಶರ್ಟು ಯಾವತ್ತೂ ಗುಂಡಿ ಇಲ್ಲದೆ ಇರಲಿಲ್ಲ. ಮ್ಯಾನೇಜರ್ ಆದ ಮೇಲೂ ಡ್ರಾಯರಿನಲ್ಲಿ ಸೂಜಿದಾರ ಇರುತ್ತಿತ್ತು. ನಾಲ್ಕು ಥರದ ಸಾರು ಮಾಡಬಲ್ಲೆ. ಮೂರೇ ಅಂತ ನನ್ನ ಹೆಂಡತಿ ವಾದ. ಮಗ ಹೇಳಿಸಿಕೊಳ್ಳದೆ ಅಡುಗೆ ಮಾಡ್ತಾನೆ, ಮಗೂನ ಶಾಲೆಗೂ ಬಿಡ್ತಾನೆ. ಆದರೆ ಶಾಲೆಯಿಂದ ಬರೋ ಮೆಸೇಜು ಮಾತ್ರ "ತಾಯಂದಿರ ಗಮನಕ್ಕೆ"!

ಹೋದ ವರ್ಷದ ಸ್ನೇಹಕೂಟಕ್ಕೆ ನಮ್ಮ ಜೊತೆ ಹೊಲಿಗೆಗೆ ಕೂರುತ್ತಿದ್ದ ಗೆಳತಿ ಒಬ್ಬಳೇ ಬಂದಿದ್ದಳು, 'ಶಕ್ತಿ' ಬಸ್ಸಿನಲ್ಲಿ, ಕಾಸು ಖರ್ಚಿಲ್ಲದೆ. ಹತ್ತನೇ ಕ್ಲಾಸು ಮುಗಿದ ಬೇಸಿಗೆಯಲ್ಲೇ ಅವಳ ಮದುವೆ ಆಗಿತ್ತು. 1994ರಲ್ಲಿ ನಮ್ಮ ರಾಜ್ಯ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಾಗ, ಮೊದಲೇ ಮದುವೆಯಾದವರಿಗೆ ಅದು ಸಿಗಲಿಲ್ಲ. 2005ರ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. ಅಷ್ಟರಲ್ಲಿ ಅಣ್ಣಂದಿರು ಹಕ್ಕು ಬಿಡುಗಡೆ ಪತ್ರ ರೆಡಿ ಮಾಡಿಸಿದ್ದರು. "ಸಹಿ ಹಾಕ್ದೆ ಕಣೋ. ಹಬ್ಬಕ್ಕೆ ತವರಿನ ಬಾಗಿಲು ತೆಗೀಬೇಕಲ್ಲ" ಅಂದಳು. ಈಗ ಅವಳ ಮಗಳು ಲಾಯರು. ಅಮ್ಮನ ಮೇಲೆ ಅವಳಿಗಿನ್ನೂ ಸಿಟ್ಟು.

ಮೇಡಂ ಹೆಸರಲ್ಲಿ ಶಾಲೆಗೆ ಎರಡು ಮಿಷನ್ ಕೊಡ್ತೀವಿ ಅಂದಿದ್ದೇವೆ. ಪೀರಿಯಡ್ಡೇ ಇಲ್ಲವಂತೆ, ಶುಕ್ರವಾರ ಮಧ್ಯಾಹ್ನ ಈಗ ಗಣಿತದ ಸ್ಪೆಷಲ್ ಕ್ಲಾಸಂತೆ. ವಾರಕ್ಕೊಂದು ಗಂಟೆ ಬಿಟ್ಟುಕೊಡಿ ಸಾರ್, ಹುಡುಗರನ್ನೂ ಕೂರಿಸಿ. ಕಾಜಾ ಹೇಳಿಕೊಡೋಕೆ ನಾನೇ ಬರ್ತೀನಿ.