ಅರಳಿಯ ಕೆಳಕೊಂಬೆ ಕೊನೆಗೂ ಎದ್ದಿತು: ಬೇಸಿಗೆಯ ಸವರುವಿಕೆ, ಎಲೆ ತೆಗೆಯುವ ಲೆಕ್ಕಾಚಾರ

ಕುಂಡದ ಅರಳಿ ಬೋನ್ಸಾಯ್‌ನ ಎಡಗಡೆಯ ಮೊದಲ ಕೊಂಬೆಯಲ್ಲಿ ಮೂರು ಹೊಸ ಕಣ್ಣು (ಚಿಗುರಿನ ಮೊಗ್ಗು) ಒಡೆದಿವೆ. ಅದೂ ತುದಿಯಲ್ಲಲ್ಲ, ಕಾಂಡಕ್ಕೆ ಹತ್ತಿರ, ಎಲೆ ಉದುರಿ ಬೋಳಾಗಿದ್ದ ಗೆಣ್ಣುಗಳಲ್ಲಿ. ಇದರ ಬೆಲೆ ಅರಳಿ ಸಾಕುವವರಿಗೆ ಮಾತ್ರ ಗೊತ್ತು. ಅರಳಿಯದೇ ಕುಲದ ಫೈಕಸ್ ಮೈಕ್ರೋಕಾರ್ಪಾ ಇಟ್ಟುಕೊಂಡವರು ನಗಬಹುದು. ಅದು ಎಲ್ಲಿ ಕತ್ತರಿಸಿದರೆ ಅಲ್ಲಿ ಚಿಗುರುವ ಸಾಧು ಪ್ರಾಣಿ. ಅರಳಿ ಹಾಗಲ್ಲ. ಮೇಲಕ್ಕೆ ಓಡುವುದೊಂದೇ ಅದಕ್ಕೆ ಗೊತ್ತು.

ಗಿಡದ ಅಳತೆ ಇಷ್ಟು: ಗೋಡೆ ಸಂದಿಯಿಂದ ಬಂದ ಅರಳಿ, ಬುಡ 9 ಸೆಂ.ಮೀ., ಎತ್ತರ 45 ಸೆಂ.ಮೀ., ಮುಖ್ಯ ಕೊಂಬೆ ಐದು. ಬೇರು ಕತ್ತರಿಸಿದ್ದು, ಮಣ್ಣು ಬದಲಿಸಿದ್ದು, ಟ್ರೇಗೆ ಇಳಿಸಿದ್ದು ಎಲ್ಲ ಎಲ್ಲರಿಗೂ ಗೊತ್ತಿರುವ ಕೆಲಸ, ಬಿಡೋಣ. ತಲೆನೋವು ಒಂದೇ. ಕಾಂಡದ ಮೇಲೆ 10 ಸೆಂ.ಮೀ. ಎತ್ತರದಲ್ಲಿರುವ ಮೊದಲ ಕೊಂಬೆ 6 ಮಿ.ಮೀ. ದಪ್ಪ, ನೆತ್ತಿಯ ಕೊಂಬೆ 11 ಮಿ.ಮೀ. ಇರಬೇಕಾದದ್ದು ಇದರ ತಿರುವುಮುರುವು. ಕೆಳಗಿನದು ದಪ್ಪ, ಮೇಲೆ ಹೋದಂತೆ ಸಣ್ಣ ಆಗದಿದ್ದರೆ ಅದು ಮರದಂತೆ ಕಾಣುವುದಿಲ್ಲ, ಕುಂಡದಲ್ಲಿ ನೆಟ್ಟ ಕೋಲಿನಂತೆ ಕಾಣುತ್ತದೆ.

‘ಬೇಸಿಗೆಯಲ್ಲಿ ಎಲೆ ಎಲ್ಲ ತೆಗೆದುಬಿಡಿ, ಸಣ್ಣ ಎಲೆ ಬರುತ್ತೆ’ ಅನ್ನುವುದು ಎಲ್ಲರ ಬಾಯಲ್ಲಿರುವ ಸಲಹೆ. ಸುಳ್ಳಲ್ಲ. ಆದರೆ ಎಲ್ಲ ಕೊಂಬೆಗೂ ಸರಿಸಮ ಬಲ ಇರುವ ಮರಕ್ಕೆ ಮಾತ್ರ ಅದು ಹೊಂದುತ್ತದೆ. ಬಲ ಏರುಪೇರಾಗಿರುವ ಅರಳಿಯನ್ನು ಒಂದೇ ಸಲಕ್ಕೆ ಬೋಳಿಸಿದರೆ ಏನಾಗುತ್ತದೆ ನೋಡಿ. ನೆತ್ತಿಯ ಕೊಂಬೆಯಲ್ಲಿ ಹತ್ತಾರು ಕಣ್ಣು ಕಾದು ಕೂತಿರುತ್ತವೆ, ದಪ್ಪ ಕಟ್ಟಿಗೆಯಲ್ಲಿ ಕೂಡಿಟ್ಟ ಆಹಾರವೂ ಇರುತ್ತದೆ. ಎರಡು ಮೂರು ವಾರಕ್ಕೆ ಅದು ಮತ್ತೆ ಹಸಿರು. ಕೆಳಕೊಂಬೆಯಲ್ಲಿ ಇದ್ದದ್ದೇ ನಾಲ್ಕೈದು ಎಲೆ, ದಾಸ್ತಾನು ಏನೂ ಇಲ್ಲ. ಮೇಲಿನ ಕುಡಿಗಳು ಚಿಗುರಿದ ಕೂಡಲೇ ಅಲ್ಲಿಂದ ಇಳಿಯುವ ಆಕ್ಸಿನ್ ಎಂಬ ಬೆಳವಣಿಗೆಯ ಹಾರ್ಮೋನು ಕೆಳಗಿನ ಕಣ್ಣುಗಳನ್ನು ಮತ್ತೆ ಮಲಗಿಸುತ್ತದೆ. ಕೊಂಬೆ ತುದಿಯಿಂದ ಒಣಗಲು ಶುರುವಾಗಿ ಒಂದೊಂದೇ ಗೆಣ್ಣು ದಾಟಿ ಕಾಂಡದ ಕಡೆ ಬರುತ್ತದೆ. ಎಲೆ ಸಣ್ಣದಾಯಿತು ಅಂತ ಖುಷಿಪಡುವಷ್ಟರಲ್ಲಿ ಕೊಂಬೆಯೇ ಇರುವುದಿಲ್ಲ.

ನೆರಳಿನ ಮಾತೂ ಇದೆ. ಬೆಂಗಳೂರು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದೆ; ಏಪ್ರಿಲ್ ಕೊನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಆ ಹೊತ್ತಿಗೆ ಮೇಲಿನ ಎಲೆಗಳು ಛತ್ರಿ ಹಿಡಿದರೆ ಕೆಳಕೊಂಬೆಗೆ ಸಿಗುವುದು ಬೆಳಿಗ್ಗೆ ಸಂಜೆಯ ಓರೆ ಬಿಸಿಲು ಮಾತ್ರ. ನೆರಳಿನಲ್ಲಿ ಅರಳಿಯ ತೊಟ್ಟು ಉದ್ದವಾಗುತ್ತದೆ, ಗೆಣ್ಣುಗಳ ನಡುವಿನ ಅಂತರ ಹೆಚ್ಚುತ್ತದೆ.

ಆದ್ದರಿಂದ ಈ ಬೇಸಿಗೆ ಮರವನ್ನು ಮೂರು ಪಾಲು ಮಾಡಿ, ಒಂದೊಂದಕ್ಕೆ ಒಂದೊಂದು ನ್ಯಾಯ.

ಹೊತ್ತು ಮೊದಲು. ಫೆಬ್ರವರಿ–ಮಾರ್ಚಿನಲ್ಲಿ ಎಲೆ ಉದುರಿಸಿ ಅರಳಿ ತಾಮ್ರದ ಬಣ್ಣದ ಚಿಗುರು ಬಿಡುತ್ತದಲ್ಲ, ಆ ಎಲೆ ಕಡು ಹಸಿರಾಗಿ, ಬೆರಳಲ್ಲಿ ಮಡಿಚಿದರೆ ಗಡುಸು ತಿಳಿಯಬೇಕು. ಅದಕ್ಕೆ ಮೊದಲು ಕತ್ತರಿಸಿದರೆ ಚಿಗುರಿಗೆ ಹಾಕಿದ ಬಂಡವಾಳ ಮರಕ್ಕೆ ವಾಪಸು ಬಂದಿರುವುದಿಲ್ಲ. ಬೆಂಗಳೂರು, ಮೈಸೂರು ಕಡೆ ಏಪ್ರಿಲ್ ಉತ್ತರಾರ್ಧ ಸರಿಹೋಗುತ್ತದೆ. ಹಿಂದೆಯೇ ಮಾವಿನ ಮಳೆ ಬಂದರೆ ಇನ್ನೂ ಒಳ್ಳೆಯದು. ಕಲಬುರಗಿ, ರಾಯಚೂರಿನವರು ಆ ಬಿಸಿಲಿಗೆ ಬೋಳು ತೊಗಟೆ ಒಡ್ಡುವುದು ಬೇಡ, ಜೂನಿನ ಮೊದಲ ಮಳೆ ನೋಡಿಕೊಂಡು ಮಾಡಿ. ಇನ್ನು, ಮನೆಯಲ್ಲಿ ಹಿರಿಯರಿದ್ದರೆ ಶನಿವಾರ ಅರಳಿಗೆ ಕತ್ತರಿ ತಾಗಿಸಬೇಡಿ. ಇದು ಮರದ ಆರೋಗ್ಯಕ್ಕಲ್ಲ, ನಿಮ್ಮ ಆರೋಗ್ಯಕ್ಕೆ.

ನೆತ್ತಿಯ ಪಾಲಿನಲ್ಲಿ ದಯೆ ದಾಕ್ಷಿಣ್ಯ ಇಲ್ಲ. ಪ್ರತಿ ರೆಂಬೆಯನ್ನೂ ಎರಡು ಗೆಣ್ಣಿಗೆ ಇಳಿಸಿ, ಉಳಿದ ಎಲೆಗಳನ್ನು ತೊಟ್ಟಿನ ನಡುವೆ ಕತ್ತರಿಸಿದ್ದು. ಎಲೆಯನ್ನು ಕೈಯಲ್ಲಿ ಕೀಳಬಾರದು. ತೊಟ್ಟಿನ ಕಂಕುಳಲ್ಲೇ ಮುಂದಿನ ಕಣ್ಣು ಇರುತ್ತದೆ, ಎಳೆದರೆ ಅದೂ ಕಿತ್ತು ಬರುತ್ತದೆ. ಉಳಿದ ತೊಟ್ಟಿನ ತುಂಡು ಹಳದಿಯಾಗಿ ತಾನೇ ಉದುರುತ್ತದೆ. ಒಂದೇ ಜಾಗದಿಂದ ಮೂರು ನಾಲ್ಕು ರೆಂಬೆ ಎದ್ದಿದ್ದರೆ ಎರಡನ್ನು ಮಾತ್ರ ಉಳಿಸಿ, ಇಲ್ಲವಾದರೆ ಅಲ್ಲಿ ಗಂಟು ಕಟ್ಟಿ ಕಾಂಡ ಮೇಲೆ ದಪ್ಪ ಕೆಳಗೆ ಸಣ್ಣ ಆಗುತ್ತದೆ.

ಕತ್ತರಿಸುವಾಗ ಕಣ್ಣಿನ ಮೇಲೆ ಒಂದೂವರೆ–ಎರಡು ಸೆಂ.ಮೀ. ಮೋಟು ಬಿಡಬೇಕು. ಅರಳಿ ಕತ್ತರಿಸಿದ ಜಾಗದಿಂದ ಹಿಂದಕ್ಕೆ ಒಣಗುತ್ತದೆ. ಕಣ್ಣಿಗೆ ಅಂಟಿಸಿ ಕತ್ತರಿಸಿದರೆ ಆ ಕಣ್ಣೂ ಹೋಗುತ್ತದೆ. ಹೊಸ ಚಿಗುರು ಗಟ್ಟಿಯಾದ ಮೇಲೆ ಒಣ ಮೋಟನ್ನು ಕಾನ್ಕೇವ್ ಕಟರ್‌ನಿಂದ (ಒಳಬಾಗಿದ ಬಾಯಿಯ ಕತ್ತರಿ) ತೆಗೆದು ಪೇಸ್ಟ್ ಹಚ್ಚಿದರೆ ಗಾಯ ಚೆನ್ನಾಗಿ ಮುಚ್ಚುತ್ತದೆ. ಹಾಲು ಸುರಿಯುವುದು ನಿಲ್ಲಲು ಸ್ಪ್ರೇ ಬಾಟಲಿಯ ನೀರು ಸಾಕು. ಕತ್ತರಿಗೆ, ಕೈಗೆ ಅಂಟಿದ್ದು ಕೊಬ್ಬರಿ ಎಣ್ಣೆಗೆ ಬಿಡುತ್ತದೆ, ಸೋಪಿಗೆ ಬಗ್ಗುವುದಿಲ್ಲ. ಕಣ್ಣಿಗೆ ಸಿಡಿದರೆ ಉರಿ, ಕನ್ನಡಕ ಹಾಕಿಕೊಳ್ಳಿ.

ನಡುವಿನ ಪಾಲಿನಲ್ಲಿ ಹೊರಗಿನ ದೊಡ್ಡ ಎಲೆಗಳನ್ನು ಮಾತ್ರ ತೆಗೆದು, ಒಳಗಿನ ಸಣ್ಣವನ್ನು ಬಿಟ್ಟಿದ್ದು. ಒಳಗೆ ಗಾಳಿ ಬೆಳಕು ಆಡಿದರೆ ಆಯಿತು.

ಕೆಳಕೊಂಬೆಯ ಒಂದು ಎಲೆಯನ್ನೂ ಮುಟ್ಟಿಲ್ಲ. ತುದಿಯ ಸೂಜಿಯಂಥ ಕುಡಿಯನ್ನೂ ಚಿವುಟಿಲ್ಲ. ಇದಿಷ್ಟೇ ಆಗಿದ್ದರೆ ಅರ್ಧ ಕೆಲಸ. ಆ ಕೊಂಬೆ ಹಿಂದೆ ತಂತಿ ಕಟ್ಟಿ ಅಡ್ಡಕ್ಕೆ ಬಗ್ಗಿಸಿದ್ದು. ಅಡ್ಡ ಮಲಗಿದ ಕೊಂಬೆ ನಿಧಾನಕ್ಕೇ ಬೆಳೆಯುತ್ತದೆ. ಬುಡದ ಕೋನವನ್ನು ಹಾಗೇ ಬಿಟ್ಟು, ತುದಿಯ ಮೂರನೇ ಒಂದು ಭಾಗವನ್ನು ಮಾತ್ರ 60 ಡಿಗ್ರಿಯಷ್ಟು ಮೇಲಕ್ಕೆತ್ತಿ, 1 ಮಿ.ಮೀ. ತಂತಿಯಿಂದ ಎಳೆದು ಕಟ್ಟಿದ್ದು. ತಂತಿ ತೊಗಟೆಗೆ ತಾಗುವಲ್ಲಿ ಸೈಕಲ್ ಟ್ಯೂಬಿನ ತುಂಡು. ತುದಿ ಆಕಾಶ ನೋಡಿದ ಮೇಲೆ ಕೊಂಬೆಯ ವರಸೆಯೇ ಬದಲಾಯಿತು.

ತಂತಿಯ ಮಾತು ಬಂತಲ್ಲ. ‘3 ಮಿ.ಮೀ. ಬೋನ್ಸಾಯ್ ಅಲ್ಯೂಮಿನಿಯಂ’ ಅಂತ ಬಂದ ಸುರುಳಿಗೆ ವರ್ನಿಯರ್ ಇಟ್ಟರೆ 2.6. ಅದೂ ಮೆತುವಾಗಿಲ್ಲ, ಬಗ್ಗಿಸಿದರೆ ಸ್ಪ್ರಿಂಗಿನ ಹಾಗೆ ವಾಪಸು ನಿಲ್ಲುತ್ತದೆ. ಕೇಳಿದರೆ ‘ಎಲ್ಲರೂ ಇದನ್ನೇ ಒಯ್ತಾರೆ ಸಾರ್’. ಕೊಂಬೆಯ ದಪ್ಪದ ಮೂರನೇ ಒಂದು ಭಾಗದ ತಂತಿ ಅನ್ನುವ ಲೆಕ್ಕ ಇಟ್ಟುಕೊಂಡವರಿಗೆ ಈ 0.4 ದೊಡ್ಡದು. ಅದೇ ಪೊಟ್ಟಣದ ಜೊತೆ ಬಂದ ‘ಪ್ರೀಮಿಯಂ ಬೋನ್ಸಾಯ್ ಮಣ್ಣು’ ಮುಕ್ಕಾಲು ಪಾಲು ಕೊಕೊಪೀಟ್. ಮಳೆಗಾಲದಲ್ಲಿ ಅದರಲ್ಲಿ ಅರಳಿ ಬೆಳೆಯುವುದಕ್ಕಿಂತ ಅಣಬೆ ಚೆನ್ನಾಗಿ ಬೆಳೆಯುತ್ತದೆ. ಜರಡಿ ಹಿಡಿದ 3–6 ಮಿ.ಮೀ. ಇಟ್ಟಿಗೆ ಚೂರು, ಪ್ಯೂಮಿಸ್ (ಹಗುರ ಜ್ವಾಲಾಮುಖಿ ಕಲ್ಲು), ಸ್ವಲ್ಪ ಕಾಂಪೋಸ್ಟ್ ಕೊಡುವ ಸುಖ ಯಾವ ಪ್ರೀಮಿಯಮ್ಮೂ ಕೊಡುವುದಿಲ್ಲ.

ಎಲೆ ತೆಗೆದ ಮೇಲೆ ಗಿಡ ಸಾಯುವುದು ಕತ್ತರಿಯಿಂದಲ್ಲ, ನೀರಿನಿಂದ. ಎಲೆ ಕಡಿಮೆಯಾದಷ್ಟೂ ಬೇರು ಎಳೆಯುವ ನೀರೂ ಕಡಿಮೆ. ಬೇಸಿಗೆ ಅಂತ ದಿನಕ್ಕೆರಡು ಸಲ ಹೊಯ್ಯುವ ಕೈ ಅಭ್ಯಾಸ ಬಿಡದಿದ್ದರೆ ಬೇರು ಕೊಳೆಯುತ್ತದೆ. ಬಿದಿರಿನ ಕಡ್ಡಿಯನ್ನು ಮಣ್ಣಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದು ನೋಡಿ, ಕೆಳಗಿನ ಅರ್ಧ ಕಪ್ಪಗೆ ಒದ್ದೆಯಿದ್ದರೆ ಅಂದು ನೀರು ಬೇಡ. ಕುಂಡಕ್ಕೆ ಒದ್ದೆ ಗೋಣಿತಾಟು ಸುತ್ತಿದರೆ ಬೇರಿಗೆ ತಂಪು. ನೆತ್ತಿಯ ಬೋಳು ಕೊಂಬೆಗಳಿಗೆ ಹೊಸ ಎಲೆ ಬರುವ ತನಕ ಮಧ್ಯಾಹ್ನ 50 ಶೇಕಡಾ ನೆರಳು ಪರದೆ, ಬೆಳಿಗ್ಗೆ ಪೂರ್ತಿ ಬಿಸಿಲು. ಟ್ರೇಯನ್ನು ತಿರುಗಿಸಿ ಕೆಳಕೊಂಬೆ ಪೂರ್ವಕ್ಕೆ ಬರುವಂತೆ ಇಟ್ಟರೆ ಇನ್ನೂ ಲಾಭ.

ಗೊಬ್ಬರ ಎಲೆ ತೆಗೆಯುವ ಮೂರು ನಾಲ್ಕು ವಾರ ಮೊದಲು, 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮ ಇರುವುದು) ಲೀಟರ್ ನೀರಿಗೆ 1 ಗ್ರಾಂ. ಆಮೇಲೆ ಹೊಸ ಎಲೆ ಗಡುಸಾಗುವ ತನಕ ಏನೂ ಇಲ್ಲ. ಚಿಗುರುವಾಗ ಸಾರಜನಕ ಸುರಿದರೆ ಮತ್ತೆ ಅಂಗೈಯಗಲದ ಎಲೆ. ಕಡಲೆಕಾಯಿ ಹಿಂಡಿ ಒಳ್ಳೆಯದೇ, ಆದರೆ ತಾರಸಿಯಲ್ಲಿ ಇಟ್ಟರೆ ಅದು ಗಿಡಕ್ಕಲ್ಲ, ಹೆಗ್ಗಣಕ್ಕೆ.

ಈಗ ಆ ಮೂರು ಕಣ್ಣಿನ ಗುಟ್ಟು. ಮೇಲೆ ಹೊಸ ಚಿಗುರು ಬಂದ ಕೂಡಲೇ ಎರಡೆಲೆ ಬಿಟ್ಟು ಕುಡಿ ಚಿವುಟುತ್ತಾ ಹೋಗಬೇಕು, ಬಿಚ್ಚುವ ಮೊದಲೇ, ಕುಡಿಯ ಹೊದಿಕೆಯನ್ನು ಚಿಮಟದಲ್ಲಿ ಹಿಡಿದು. ಹೀಗೆ ಮೇಲಿನವರ ಬಾಯಿ ಮುಚ್ಚಿಸಿದ ಹೊತ್ತಿನಲ್ಲಿ ಕೆಳಕೊಂಬೆ ಓಡುತ್ತದೆ. ಅದು ಆರೇಳು ಹೊಸ ಎಲೆ ಬಿಟ್ಟು, ಹಳೆಯ ಭಾಗ ಕಣ್ಣಿಗೆ ಕಾಣುವಷ್ಟು ದಪ್ಪವಾದ ಮೇಲೆ ಮಾತ್ರ ಅದರ ಕುಡಿ ತೆಗೆಯುವುದು. ಮೊದಲೇ ಚಿವುಟಿದರೆ ತುದಿಯ ಪಕ್ಕದ ಒಂದೇ ಕಣ್ಣು ಒಡೆದು ಅದೇ ಮುಂದುವರಿಯುತ್ತದೆ, ಹಿಂದಿನವು ಏಳುವುದಿಲ್ಲ. ಬಲ ಕೂಡಿದ ಮೇಲೆ ಚಿವುಟಿದರೆ ಒತ್ತಡ ಹಿಂದಕ್ಕೆ ತಿರುಗುತ್ತದೆ. ಈಗ ಕೊಂಬೆ 7.5 ಮಿ.ಮೀ., ನೆತ್ತಿಯ ಹೊಸ ಎಲೆ ಬಾಲವೂ ಸೇರಿ 5 ಸೆಂ.ಮೀ. ಹಿಂದಿನದು 11 ಇತ್ತು. ತೊಟ್ಟು ಮಾತ್ರ ಇನ್ನೂ 3.5 ಸೆಂ.ಮೀ., ಗಾಳಿಗೆ ಎಲೆ ಓಲಾಡುತ್ತದೆ. ಅರಳಿಯಲ್ಲಿ ಅದು ಪೂರ್ತಿ ಹೋಗುವುದಿಲ್ಲ, ಹೋಗಲೂ ಬೇಡ. ಅಲುಗದ ಎಲೆಯ ಅರಳಿ ಅರಳಿಯೇ ಅಲ್ಲ.

ಮಧ್ಯೆ ಒಂದು ಮಾತು. ಮುಂದಿನ ಯೋಜನೆ ಬಸರಿಯ ತೋಪು, ಗ್ರಾನೈಟ್ ಚಪ್ಪಡಿಯ ಮೇಲೆ. 60×35 ಸೆಂ.ಮೀ., 20 ಮಿ.ಮೀ. ದಪ್ಪದ ತುಂಡು, ಏಳು ಸಸಿ. ಅರಳಿಗಿಂತ ಬಸರಿಯ ಎಲೆಗೆ ಬಾಲ ಗಿಡ್ಡ, ತೋಪಿಗೆ ಹೇಳಿ ಮಾಡಿಸಿದ ಜಾತಿ. ನೀರು ಬಸಿಯಲು, ಬೇರು ಕಟ್ಟುವ ತಂತಿಗೆ ಆರು ತೂತು ಬೇಕು, 12 ಮಿ.ಮೀ. ಡೈಮಂಡ್ ಬಿಟ್, ಡ್ರಿಲ್‌ನ ಹ್ಯಾಮರ್ ಆಫ್, ನೀರು ಬಿಡುತ್ತಾ ನಿಧಾನ. ಕಲ್ಲಿನ ಅಂಗಡಿಯಲ್ಲಿ ಒಂದು ತೂತಿಗೆ ಕೇಳುವ ಬೆಲೆಗೆ ಆ ಡೈಮಂಡ್ ಬಿಟ್ಟನ್ನೇ ಕೊಳ್ಳಬಹುದು. ಅಂಚು ಕಟ್ಟಲು ಜಪಾನಿನ ಕೆಟೊ ಎಂಬ ಅಂಟುಮಣ್ಣು ಹುಡುಕಬೇಕಾಗಿಲ್ಲ, ಕೆರೆಗೋಡಿಗೆ ಕೊಚ್ಚಿದ ಪಾಚಿ ಕಲಸಿ ನಾದಿದರೆ ಗೋಡೆ ನಿಲ್ಲುತ್ತದೆ. ಇರಲಿ, ಅದು ಮಳೆ ಹಿಡಿದ ಮೇಲೆ.

ಅರಳಿಯಲ್ಲಿ ಉಳಿದದ್ದು ಬಲಗಡೆ 14 ಸೆಂ.ಮೀ. ಎತ್ತರದ ಖಾಲಿ ಜಾಗ. ಅಲ್ಲಿ ಕಣ್ಣಿಗೆ ಕಾಯುವುದು ದಂಡ; ಸಸಿಯನ್ನೇ ತಾಗಿಸಿ ಕಸಿ ಕಟ್ಟುವುದು. ಕಾಂಡ ಕೊರೆದು ಸಸಿ ತೂರಿಸುವ ವಿಧಾನ ಇಲ್ಲಿ ಕಷ್ಟ, ಅರಳಿಯ ಕುಡಿ ತೂತಿನಲ್ಲಿ ತುರಿದುಹೋಗುತ್ತದೆ. 4–5 ಮಿ.ಮೀ. ದಪ್ಪದ ಸಸಿ, ಕಾಂಡದಲ್ಲಿ ಅಷ್ಟೇ ಅಗಲದ ತೋಡು, ಸಸಿಯ ಎರಡು ಬದಿಯ ತೊಗಟೆ ಹಸಿರು ಕಾಣುವಷ್ಟು ಕೆರೆದು, ಹಾಲನ್ನು ನೀರಲ್ಲಿ ತೊಳೆದು, ಅಂಚಿಗೆ ಅಂಚು ಕೂರಿಸಿ ಬಿಗಿಯಾಗಿ ಕಟ್ಟುವುದು. ಕಸಿಯ ಮೇಲಿನ ಭಾಗ ಕೆಳಗಿನದಕ್ಕಿಂತ ದಪ್ಪವಾಗುವ ತನಕ ಸಸಿಯ ಬೇರು ಕತ್ತರಿಸುವಂತಿಲ್ಲ. ಅಷ್ಟರಲ್ಲಿ ಕೆಳಕೊಂಬೆಯ ತಂತಿಯನ್ನೂ ನಾಲ್ಕನೇ ವಾರದಿಂದ ವಾರಕ್ಕೊಮ್ಮೆ ನೋಡುತ್ತಿರಬೇಕು. ತೊಗಟೆಗೆ ಕಚ್ಚುವ ಮೊದಲು ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ, ಬಿಚ್ಚಲು ಹೋದರೆ ಹೊಸ ಕಣ್ಣೇ ಮುರಿದು ಬರುತ್ತದೆ. ಸಸಿ ಲೋಟದಲ್ಲಿ ಸಿದ್ಧವಿದೆ. ಕಸಿ ಟೇಪಿಗೆ ಮಾತ್ರ ಅಂಗಡಿಯವರು ಇನ್ನೂ ‘ನಾಳೆ ಬನ್ನಿ’ ಅನ್ನುತ್ತಿದ್ದಾರೆ.