ಮ್ಯಾಂಚೆಸ್ಟರ್ ಹತ್ತಿರ ಸಿಕ್ಕ ಬೆಟಗೇರಿ ರಟ್ಟು

ಮ್ಯಾಂಚೆಸ್ಟರ್‌ಗೆ ಬಂದು ನಾಲ್ಕು ವರ್ಷ ಆಯಿತು. ಮಳೆ ಬಿಟ್ಟರೆ ಊರಿಗೆ ಹೇಳುವಂಥದ್ದು ಏನಿದೆ ಅಂದುಕೊಂಡಿದ್ದೆ. ಹೋದ ಶನಿವಾರ ಸುಮ್ನೆ ಪಕ್ಕದ ಮ್ಯಾಕಲ್ಸ್‌ಫೀಲ್ಡ್‌ನ ರೈಲು ಹತ್ತಿದೆ. ರೇಷ್ಮೆಗೆ ಹೆಸರಾದ ಊರು ಅದು. ಅಲ್ಲಿನ ಪ್ಯಾರಡೈಸ್ ಮಿಲ್‌ನಲ್ಲಿ 1981ರವರೆಗೂ ನೇಯ್ಗೆ ನಡೆದಿತ್ತು, ಈಗ ಮ್ಯೂಸಿಯಂ. ಒಳಗೆ ಸಾಲಾಗಿ 26 ಜಕಾರ್ಡ್ ಕೈಮಗ್ಗಗಳು, ಅಂದರೆ ಚಿತ್ತಾರ ನೇಯಲು ಮೇಲೊಂದು ಪೆಟ್ಟಿಗೆ ಕೂರಿಸಿದ ಮಗ್ಗಗಳು. ಗೈಡ್ ಒಂದನ್ನು ತುಳಿದು ತೋರಿಸಿದರು. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ನಾನು ಬೆಟಗೇರಿಯಲ್ಲಿ ಸೋದರಮಾವನ ಪಡಸಾಲೆಯಲ್ಲಿದ್ದೆ.

ಮಾವನ ಮಗ್ಗದ ಮೇಲೂ ಇಂಥದೇ ಪೆಟ್ಟಿಗೆ. ತೂತು ಹೊಡೆದ ರಟ್ಟುಗಳನ್ನು ಒಂದಕ್ಕೊಂದು ಹೊಲಿದು ಇಳಿಬಿಟ್ಟಿರುತ್ತಿದ್ದರು. ತೂತು ಇದ್ದಲ್ಲಿ ಸೂಜಿ ಒಳಗೆ ಹೋಗುತ್ತದೆ, ಕೊಕ್ಕೆ ಹಾಸಿನ ಎಳೆಯನ್ನು ಎತ್ತುತ್ತದೆ. ಇಲ್ಲದಲ್ಲಿ ಎಳೆ ಕೆಳಗೇ. ಲಾಳಿ ಒಮ್ಮೆ ಓಡಿದರೆ ಒಂದು ರಟ್ಟು ಸರಿಯುತ್ತದೆ. ಒಂಬತ್ತು ವರ್ಷದವನಿದ್ದಾಗ ಒಂದಿಷ್ಟು ರಟ್ಟು ಹಿಂದೆ ಮುಂದೆ ಹೊಲಿದುಬಿಟ್ಟಿದ್ದೆ. ಸೆರಗಿನ ನವಿಲಿನ ಕುತ್ತಿಗೆ ಬಾಲದ ಹತ್ತಿರ ಬಂದಿತ್ತು! ಮಾವ ಬೈಯಲಿಲ್ಲ. ಮೂರು ದಿನ ಮಾತಾಡಲಿಲ್ಲ, ಅಷ್ಟೇ. ಈಗ ಸಾಫ್ಟ್‌ವೇರ್ ಕೆಲಸ ನನ್ನದು. ನನ್ನ ಮೊದಲ ಬಗ್ (ಪ್ರೋಗ್ರಾಂನಲ್ಲಿ ನುಸುಳುವ ತಪ್ಪು) ಅದೇ ಅಲ್ವಾ?

ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ ಈ ಏರ್ಪಾಟು ಮಾಡಿದ್ದು 1804ರ ಸುಮಾರಿಗೆ. 1839ರಲ್ಲಿ ಅವನದೇ ಚಿತ್ರವನ್ನು ರೇಷ್ಮೆಯಲ್ಲಿ ನೇಯ್ದರು. ಅದಕ್ಕೆ ಹಿಡಿದ ರಟ್ಟು ಸುಮಾರು 24,000. ಅದರ ಒಂದು ಪ್ರತಿ ಲಂಡನ್ನಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಮನೆ ಸೇರಿತು. ತನ್ನ ಲೆಕ್ಕದ ಯಂತ್ರವನ್ನೂ ಇಂಥ ರಟ್ಟಿನಿಂದಲೇ ನಡೆಸಬೇಕೆಂದು ಅವನ ಯೋಜನೆ. ಯಂತ್ರ ಮುಗಿಯಲೇ ಇಲ್ಲ. ಆದರೂ 1843ರಲ್ಲಿ ಗಣಿತಜ್ಞೆ ಏಡಾ ಲವ್‌ಲೇಸ್ ಬರೆದಳು, ಜಕಾರ್ಡ್ ಮಗ್ಗ ಹೂವು ಎಲೆ ನೇಯ್ದ ಹಾಗೆ ಬ್ಯಾಬೇಜನ ಯಂತ್ರ ಬೀಜಗಣಿತ ನೇಯುತ್ತದೆ ಎಂದು. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುವಾಗ ಈ ಹೆಸರುಗಳನ್ನು ಎರಡು ಮಾರ್ಕಿಗೆ ಬಾಯಿಪಾಠ ಮಾಡಿದ್ದೆ. ಮಗ್ಗದ ಮಾತು ಯಾರೂ ಎತ್ತಲಿಲ್ಲ. ಬೆಟಗೇರಿ ಎಷ್ಟು ದೂರ ಇತ್ತು ಹೇಳಿ!

ಭಾನುವಾರ ಮ್ಯಾಂಚೆಸ್ಟರ್‌ನ ಸೈನ್ಸ್ ಅಂಡ್ ಇಂಡಸ್ಟ್ರಿ ಮ್ಯೂಸಿಯಂನಲ್ಲಿ 'ಬೇಬಿ' ಎಂಬ ಕಂಪ್ಯೂಟರ್ ನೋಡಿದೆ. ಹೆಸರಷ್ಟೇ ಬೇಬಿ, ಇರುವುದು ಗೋಡೆಯುದ್ದದ ಕಪಾಟಿನ ಹಾಗೆ. ಇದು ಮರುನಿರ್ಮಾಣ. ಮೂಲ ಯಂತ್ರವನ್ನು ಇಲ್ಲಿನ ಯೂನಿವರ್ಸಿಟಿಯಲ್ಲಿ ಫ್ರೆಡ್ಡಿ ವಿಲಿಯಮ್ಸ್, ಟಾಮ್ ಕಿಲ್ಬರ್ನ್, ಜೆಫ್ ಟೂಟಿಲ್ ಕಟ್ಟಿದ್ದರು. ತನ್ನದೇ ಎಲೆಕ್ಟ್ರಾನಿಕ್ ಮೆಮೊರಿಯಲ್ಲಿ ಪ್ರೋಗ್ರಾಂ ಇಟ್ಟುಕೊಂಡು ಓಡಿದ ಮೊದಲ ಕಂಪ್ಯೂಟರ್ ಅದು. ದಿನ 1948ರ ಜೂನ್ 21. ಮೆಮೊರಿ ಬರೀ 1024 ಬಿಟ್, ಅಂದರೆ ಅಷ್ಟೇ ಸೊನ್ನೆ-ಒಂದುಗಳು. ಅದಕ್ಕೆ ಕೊಟ್ಟ ಲೆಕ್ಕ ಇದು: 2,62,144ನ್ನು ಶೇಷವಿಲ್ಲದೆ ಭಾಗಿಸುವ, ಅದಕ್ಕಿಂತ ಚಿಕ್ಕದಾದ ಅತಿ ದೊಡ್ಡ ಸಂಖ್ಯೆ ಯಾವುದು? 52 ನಿಮಿಷ ಓಡಿ ಉತ್ತರ ಕೊಟ್ಟಿತು: 1,31,072.

ಸಂಜೆ ಮಾವನಿಗೆ ವಿಡಿಯೋ ಕಾಲ್ ಮಾಡಿ ಎಲ್ಲ ಹೇಳಿದೆ.

"ಅರ್ಧ ಮಾಡಾಕ ಇಷ್ಟೊತ್ತು ಬೇಕಾತೇನು?" ಅಂದರು.

ಅದಕ್ಕೆ ಭಾಗಾಕಾರ ಬರುತ್ತಿರಲಿಲ್ಲ, ಬರೀ ಕಳೆಯುವುದು ಬರುತ್ತಿತ್ತು, ಮೇಲಿನಿಂದ ಒಂದೊಂದೇ ಸಂಖ್ಯೆ ಹಿಡಿದು ನೋಡುತ್ತ ಬಂತು ಅಂದೆ.

"ಮತ್ತ ರಟ್ಟು ಯಾರು ಹೊಲಿದ್ರು?"

"ರಟ್ಟಿಲ್ಲ ಮಾವಾ. 17 ಸಾಲಿನ ಪ್ರೋಗ್ರಾಂ, ಕೈಯಿಂದ ಸ್ವಿಚ್ ಒತ್ತಿ ಒತ್ತಿ ಹಾಕಿದ್ರು."

"ಸದ್ಯ, ನಿನ್ನ ಕೈಗೆ ಕೊಟ್ಟಿಲ್ಲಲ್ಲ" ಅಂದು ಫೋನನ್ನು ಅತ್ತೆಗೆ ದಾಟಿಸಿದರು.