ಒಳಹರಿವು, ಹೊರಹರಿವು ಮತ್ತು ಹೂಳು

ಮುಂಗಾರು ಚುರುಕಾಗುತ್ತಿದ್ದಂತೆ ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಬೆಳಗಿನ ಪತ್ರಿಕೆ ಕೈಗೆ ಬಂದ ಕೂಡಲೇ ಅನೇಕರ ಕಣ್ಣು ಹುಡುಕುವುದು ತುಂಗಭದ್ರಾ ಜಲಾಶಯದ ಮಟ್ಟವನ್ನು. ಗರಿಷ್ಠ ಮಟ್ಟ 1,633 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು, ಸಂಗ್ರಹ ಇಷ್ಟು ಟಿಎಂಸಿ ಎಂಬ ನಾಲ್ಕೈದು ಅಂಕಿಗಳನ್ನು ಓದಿದ ಕಾಲುವೆಯ ಕೊನೆ ಭಾಗದ ರೈತರು ಎರಡನೇ ಬೆಳೆಗೆ ನೀರು ಬಂದೀತೇ ಎಂಬುದನ್ನು ಯಾರನ್ನೂ ಕೇಳದೆ ಅಂದಾಜು ಮಾಡುತ್ತಾರೆ. ಕೆಲಸದ ಅಂಕಿಗಳನ್ನು ಒಂದೇ ನೋಟಕ್ಕೆ ತೋರಿಸುವ ಕಚೇರಿಯ ಡ್ಯಾಶ್‌ಬೋರ್ಡ್ ಹೇಗಿರಬೇಕು ಎಂಬುದನ್ನು ನಾನು ಕಲಿತದ್ದು ಈ ಪುಟ್ಟ ಪಟ್ಟಿಯಿಂದ. ಅದಕ್ಕೂ ಮೊದಲು ಎಂಟು ತಿಂಗಳು ಬೇರೆಯದೇ ಒಂದು ಡ್ಯಾಶ್‌ಬೋರ್ಡನ್ನು ಗೋಡೆಗೆ ಹಾಕಿಸಿ ನನ್ನ ತಂಡಕ್ಕೆ ತೊಂದರೆ ಕೊಟ್ಟಿದ್ದೆ.

ನಾನು ಬಳ್ಳಾರಿಯಲ್ಲಿ ಸಾಲ ನೀಡುವ ಸಂಸ್ಥೆಯೊಂದರ ಬ್ಯಾಕ್ ಆಫೀಸಿನಲ್ಲಿ 11 ಜನರ ತಂಡವನ್ನು ನೋಡಿಕೊಳ್ಳುತ್ತೇನೆ. ಸಿರುಗುಪ್ಪ, ಕಂಪ್ಲಿ, ಸಂಡೂರು, ಗಂಗಾವತಿ, ಸಿಂಧನೂರು ಶಾಖೆಗಳಿಂದ ಬರುವ ಅರ್ಜಿಗಳ ಪಹಣಿ, ಋಣಭಾರ ಪತ್ರ (ಜಮೀನಿನ ಮೇಲೆ ಬೇರೆ ಸಾಲವಿದೆಯೇ ಎಂದು ತಿಳಿಸುವ ದಾಖಲೆ), ಆಧಾರ್, ಬ್ಯಾಂಕ್ ವಿವರಗಳನ್ನು ತಾಳೆ ನೋಡಿ, ಕೊರತೆಯಿದ್ದರೆ ಶಾಖೆಗೆ ಹಿಂತಿರುಗಿಸಿ, ಸರಿಯಿದ್ದರೆ ಮಂಜೂರಾತಿಗೆ ಕಳುಹಿಸುವುದು ನಮ್ಮ ಕೆಲಸ. ಸಾಲಗಾರರು ನಮ್ಮನ್ನು ಎಂದೂ ನೋಡುವುದಿಲ್ಲ. ಆದರೆ ನಾವು ತಡ ಮಾಡಿದರೆ ಅವರ ಬಿತ್ತನೆ ತಡವಾಗುತ್ತದೆ.

ಮೊದಲ ಡ್ಯಾಶ್‌ಬೋರ್ಡಿನಲ್ಲಿ ದೊಡ್ಡ ಪರದೆಯ ಮೇಲೆ 11 ಹೆಸರುಗಳಿದ್ದವು, ಪ್ರತಿ ಹೆಸರಿನ ಮುಂದೆ ಅಂದು ವಿಲೇವಾರಿಯಾದ ಕಡತಗಳ ಸಂಖ್ಯೆಯನ್ನು ತೋರಿಸುವ ಕಂಬವಿತ್ತು. ಮೇಲಿನ ಮೂವರಿಗೆ ಹಸಿರು, ಕೆಳಗಿನ ಮೂವರಿಗೆ ಕೆಂಪು. ಎರಡೇ ವಾರಗಳಲ್ಲಿ ಒಟ್ಟು ವಿಲೇವಾರಿ ಏರಿತು, ನಾನೂ ಸಂತೋಷದಿಂದ ಮೇಲಿನವರಿಗೆ ವರದಿ ಕಳುಹಿಸಿದೆ. ಅದೇ ಹೊತ್ತಿಗೆ ಶಾಖೆಗಳಿಂದ ದೂರಿನ ಕರೆಗಳು ಹೆಚ್ಚತೊಡಗಿದ್ದು ನನಗೆ ಅರ್ಥವಾಗಲಿಲ್ಲ. ಕಾರಣವನ್ನು ಬಿಡಿಸಿ ಹೇಳಿದವರು ತಂಡದಲ್ಲಿ ಭೂದಾಖಲೆಗಳನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ, ಆದರೂ ನಿತ್ಯ ಕೆಂಪಿನಲ್ಲೇ ಕಾಣಿಸಿಕೊಳ್ಳುತ್ತಿದ್ದ ಹಿರಿಯ ಸಹೋದ್ಯೋಗಿ. "ಸರ್, ಸರಳ ಫೈಲೆಲ್ಲಾ ಬೆಳಗ್ಗೇನೇ ಖಾಲಿ ಆಗ್ತಾವ್ರೀ. ತೀರಿಹೋದವರ ಹೆಸರಲ್ಲೇ ಇರೋ ಪಹಣಿ, ಜಂಟಿ ಖಾತೆ, ಇವೆಲ್ಲಾ ನನ್ನ ಟೇಬಲ್‌ಗೇ ಬರ್ತಾವೆ," ಎಂದರು. ಪೌತಿ ಖಾತೆಯಾಗದ, ಅಂದರೆ ತೀರಿಹೋದವರಿಂದ ವಾರಸುದಾರರ ಹೆಸರಿಗೆ ಜಮೀನು ಬದಲಾಗದ ಒಂದು ಕಡತವನ್ನು ಅವರು ಅರ್ಧ ದಿನ ಕೂತು ಸರಿಪಡಿಸುವ ಹೊತ್ತಿಗೆ ಪಕ್ಕದ ಮೇಜಿನಲ್ಲಿ ಹನ್ನೆರಡು ನವೀಕರಣದ ಕಡತಗಳು ಮುಗಿದಿರುತ್ತಿದ್ದವು. ಅದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಸಣ್ಣ ಆಕ್ಷೇಪಣೆ ಹಾಕಿ ಶಾಖೆಗೆ ಹಿಂತಿರುಗಿಸಿದ ಕಡತವನ್ನೂ ನಮ್ಮ ಲೆಕ್ಕ ವಿಲೇವಾರಿಯೆಂದೇ ಎಣಿಸುತ್ತಿತ್ತು. ಯಾರೂ ಮೋಸ ಮಾಡಿರಲಿಲ್ಲ. ನಾನು ಎಣಿಸುತ್ತಿದ್ದುದನ್ನೇ ಅವರು ಹೆಚ್ಚಿಸಿದ್ದರು. ಆ ಎಂಟು ತಿಂಗಳು ಆ ಹಿರಿಯ ಸಹೋದ್ಯೋಗಿ ಕೆಂಪು ಕಂಬದ ಕೆಳಗೆ ಕೂತು ಕೆಲಸ ಮಾಡಿದ್ದನ್ನು ನೆನೆದರೆ ಇಂದಿಗೂ ನೋವಾಗುತ್ತದೆ.

ಹೆಸರುಗಳನ್ನು ತೆಗೆದೆವು. ಕಡತವನ್ನು ಆರಿಸಿಕೊಳ್ಳುವ ಅವಕಾಶವನ್ನೂ ತೆಗೆದೆವು. ಭೂದಾಖಲೆಗಳನ್ನು ಗಣಕೀಕರಿಸಿದ ನಮ್ಮ ರಾಜ್ಯದ 'ಭೂಮಿ' ಯೋಜನೆಯಲ್ಲಿ ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲೇ ಎತ್ತಿಕೊಳ್ಳಬೇಕೆಂಬ ನಿಯಮವನ್ನು ತಂತ್ರಾಂಶದಲ್ಲೇ ಅಳವಡಿಸಿದ್ದರು. ನಾವು ಅನುಸರಿಸಿದ್ದು ಅದನ್ನೇ. ಹೊಸ ಪರದೆಯ ಮೇಲ್ಭಾಗದಲ್ಲಿ ಈಗ ಮೂರೇ ಅಂಕಿಗಳಿವೆ: ಇಂದಿನ ಒಳಹರಿವು, ಇಂದಿನ ಹೊರಹರಿವು, ಉಳಿದಿರುವ ಸಂಗ್ರಹ, ಅಂದರೆ ಬಾಕಿ ಕಡತಗಳು. ಇವುಗಳ ನಡುವೆ ಒಂದು ಗಣಿತದ ಸಂಬಂಧವಿದೆ. ಬರುವ ಮತ್ತು ಹೋಗುವ ಪ್ರಮಾಣ ಸ್ಥಿರವಾಗಿದ್ದಾಗ, ಬಾಕಿ ಕಡತಗಳನ್ನು ದಿನದ ಹೊರಹರಿವಿನಿಂದ ಭಾಗಿಸಿದರೆ ಒಂದು ಕಡತ ಸರಾಸರಿ ಎಷ್ಟು ದಿನ ಕಾಯುತ್ತದೆಂಬುದು ಸಿಗುತ್ತದೆ. ಅಮೆರಿಕದ ಸಂಶೋಧಕ ಜಾನ್ ಲಿಟಲ್ 1961ರಲ್ಲಿ ಇದನ್ನು ಸಾಧಿಸಿ ತೋರಿಸಿದರು. ಬಾಕಿ 120 ಇದ್ದು ದಿನಕ್ಕೆ 40 ಹೊರಹೋದರೆ ಮೂರು ದಿನ. ಅದೇ ವೇಗದಲ್ಲಿ ಬಾಕಿ 200ಕ್ಕೆ ಏರಿ ನಿಂತರೆ ಐದು ದಿನ. ಎಲ್ಲರೂ ಎಂದಿನಷ್ಟೇ ದುಡಿಯುತ್ತಿದ್ದರೂ ರೈತ ಎರಡು ದಿನ ಹೆಚ್ಚು ಕಾಯುವುದು ಹೇಗೆಂಬುದನ್ನು ವ್ಯಕ್ತಿವಾರು ಕಂಬಗಳು ಎಂದೂ ತೋರಿಸಲಾರವು.

ಆದರೆ ಸರಾಸರಿಯೊಂದನ್ನೇ ನಂಬಿದರೂ ಅಪಾಯವಿದೆ. ಒಂಬತ್ತು ಕಡತಗಳು ಒಂದೊಂದು ದಿನದಲ್ಲಿ ಮುಗಿದು ಹತ್ತನೆಯದು 41 ದಿನ ತೆಗೆದುಕೊಂಡರೆ ಸರಾಸರಿ ಐದು ದಿನವಾಗುತ್ತದೆ, ಆದರೆ ಐದು ದಿನ ಕಾದವರು ಅಲ್ಲಿ ಒಬ್ಬರೂ ಇಲ್ಲ. ಆದ್ದರಿಂದ ಪರದೆಯ ಕೆಳಭಾಗದಲ್ಲಿ ಕಡತಗಳ ವಯಸ್ಸನ್ನು ನಾಲ್ಕು ಪಟ್ಟಿಗಳಾಗಿ ತೋರಿಸುತ್ತೇವೆ: ಎರಡು ದಿನದೊಳಗೆ, ಒಂದು ವಾರದೊಳಗೆ, 15 ದಿನದೊಳಗೆ, ಅದಕ್ಕೂ ಹಳೆಯವು. ಕೊನೆಯ ಪಟ್ಟಿಗೆ ಕಂಪ್ಲಿ ಕಡೆಯ ಸಹೋದ್ಯೋಗಿಯೊಬ್ಬರು 'ಹೂಳು' ಎಂದು ಹೆಸರಿಟ್ಟರು. ನಿರ್ಮಾಣದ ಕಾಲದಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳಿನಿಂದಾಗಿ 105 ಟಿಎಂಸಿಯ ಆಸುಪಾಸಿಗೆ ಇಳಿದಿರುವುದು ಇಲ್ಲಿ ಎಲ್ಲರಿಗೂ ಗೊತ್ತಿರುವುದರಿಂದ ಆ ಹೆಸರಿಗೆ ವಿವರಣೆಯೇ ಬೇಕಾಗಲಿಲ್ಲ. ಪ್ರತಿದಿನ ಹತ್ತು ಗಂಟೆಗೆ ಪರದೆಯ ಮುಂದೆ ಹತ್ತು ನಿಮಿಷ ನಿಂತು ಮಾತನಾಡುತ್ತೇವೆ, ಮಾತು ಹೂಳಿನಿಂದಲೇ ಆರಂಭವಾಗುತ್ತದೆ.

ಹಿಂತಿರುಗಿದ ಕಡತಗಳನ್ನು ಕಾರಣವಾರು ವಿಂಗಡಿಸಿ ತೋರಿಸಿದ್ದು ನನ್ನ ಮಟ್ಟಿಗೆ ಅತ್ಯಂತ ಫಲ ಕೊಟ್ಟ ಬದಲಾವಣೆ. ಪಹಣಿಯ ಹೆಸರಿಗೂ ಆಧಾರ್‌ನ ಹೆಸರಿಗೂ ಹೊಂದಾಣಿಕೆಯಾಗದಿರುವುದು, ಋಣಭಾರ ಪತ್ರದ ಅವಧಿ ಸಾಲದಿರುವುದು ಎಂಬ ಎರಡು ಕಾರಣಗಳೇ ಉಳಿದೆಲ್ಲವುಗಳಿಗಿಂತ ಎತ್ತರಕ್ಕೆ ನಿಂತವು. ಅರ್ಜಿ ಪಡೆಯುವಾಗಲೇ ಇವೆರಡನ್ನು ನೋಡಿಕೊಳ್ಳುವಂತೆ ಶಾಖೆಗಳಿಗೆ ಕನ್ನಡದಲ್ಲಿ ಒಂದು ಪುಟದ ಸೂಚನೆ ಕಳುಹಿಸಿದೆವು. ಕೆಲವೇ ವಾರಗಳಲ್ಲಿ ಆ ಎರಡು ಕಂಬಗಳು ತಗ್ಗಿದ್ದನ್ನು ತಂಡದವರೆಲ್ಲ ಸೇರಿ ನೋಡಿದೆವು.

ಏರಿಳಿತವನ್ನು ಓದುವುದನ್ನೂ ಕಲಿಯಬೇಕಾಯಿತು. 1924ರಲ್ಲಿ ಅಮೆರಿಕದ ವಾಲ್ಟರ್ ಶೂಹಾರ್ಟ್ ರೂಪಿಸಿದ ನಿಯಂತ್ರಣ ನಕ್ಷೆಯಲ್ಲಿ ಸರಾಸರಿಯ ರೇಖೆಯ ಮೇಲೊಂದು, ಕೆಳಗೊಂದು ಮಿತಿರೇಖೆ ಇರುತ್ತದೆ; ಮಿತಿಯೊಳಗಿನ ಏರಿಳಿತ ಕೆಲಸದ ಸಹಜ ಲಯ, ಮಿತಿ ದಾಟಿದ್ದಕ್ಕೆ ಮಾತ್ರ ಪ್ರತ್ಯೇಕ ಕಾರಣ ಹುಡುಕಬೇಕು. ಮೊದಲು ಪ್ರತಿ ಇಳಿತಕ್ಕೂ ವಿವರಣೆ ಕೇಳುತ್ತಿದ್ದ ನಾನು ಈಗ ಆ ರೇಖೆ ದಾಟುವವರೆಗೆ ಸುಮ್ಮನಿರುತ್ತೇನೆ. ಕಾಲುವೆಗೆ ನೀರು ಬಿಟ್ಟ ವಾರ ಅರ್ಜಿಗಳು ಮಿತಿ ಮೀರಿ ಬಂದರೆ ಕಾರಣ ಕಣ್ಣೆದುರೇ ಇರುತ್ತದೆ.

ಬಣ್ಣದ ವಿಷಯವೂ ಒಂದಿದೆ. ಕೆಂಪು, ಹಸಿರುಗಳ ವ್ಯತ್ಯಾಸ ಕಾಣದವರು ನಮ್ಮ ತಂಡದಲ್ಲೇ ಒಬ್ಬರಿದ್ದಾರೆಂಬುದು ತಡವಾಗಿ ತಿಳಿದು ನೀಲಿ ಮತ್ತು ಕಿತ್ತಳೆಗೆ ಬದಲಾಯಿಸಿದೆವು, ಬಣ್ಣದ ಪಕ್ಕದಲ್ಲಿ ಅಕ್ಷರವನ್ನೂ ಹಾಕಿದೆವು.

ವ್ಯಕ್ತಿಗಳ ಕೆಲಸವನ್ನು ಅಳೆಯುವುದನ್ನು ನಾನು ಬಿಟ್ಟಿಲ್ಲ. ಆ ಲೆಕ್ಕ ಗೋಡೆಯ ಮೇಲಿಲ್ಲ. ಪ್ರತಿಯೊಬ್ಬರೂ ತಮ್ಮದನ್ನು ಮಾತ್ರ ನೋಡಬಹುದಾದ ಹಾಳೆಯಲ್ಲಿದ್ದು, ಕಡತದ ಕಷ್ಟಕ್ಕೆ ತಕ್ಕಂತೆ ಅಂಕದ ತೂಕ ಬದಲಾಗುತ್ತದೆ. ಯಾವ ಕಡತಕ್ಕೆ ಎಷ್ಟು ತೂಕ ಎಂಬುದನ್ನು ತಂಡವೇ ಕೂತು ನಿರ್ಧರಿಸಿತು, ಆ ಚರ್ಚೆ ಇನ್ನೂ ಪೂರ್ತಿ ಮುಗಿದಿಲ್ಲ.

ಕಳೆದ ಶುಕ್ರವಾರ ಹೂಳಿನ ಪಟ್ಟಿಯಲ್ಲಿ ನಾಲ್ಕು ಕಡತಗಳಿದ್ದವು. ನಾಲ್ಕೂ ಸಿಂಧನೂರು ಕಡೆಯವು, ನಾಲ್ಕರಲ್ಲೂ ಪೌತಿ ಖಾತೆಯದೇ ತೊಡಕು. ಅಲ್ಲಿನ ಶಾಖೆಯವರಿಗೆ ಈ ದಾಖಲೆಗಳನ್ನು ಓದುವುದನ್ನು ಕಲಿಸಲು ಬರುವ ಮಂಗಳವಾರ ಹಿಂದೆ ಕೆಂಪಿನಲ್ಲಿರುತ್ತಿದ್ದ ಅದೇ ಹಿರಿಯ ಸಹೋದ್ಯೋಗಿ ಹೊರಟಿದ್ದಾರೆ, ಅಂದು ಅವರ ಮೇಜಿನ ಕಡತಗಳನ್ನು ನಾನು ನೋಡಿಕೊಳ್ಳುತ್ತೇನೆ.